ತಲೆ ಎಣಿಸಿದರು, ನಾಲಿಗೆ ಎಣಿಸಲಿಲ್ಲ

ಟರ್ಕಿ ದೇಶದ ಆಗ್ನೇಯ ಭಾಗದಲ್ಲಿ ದಿಯಾರ್‌ಬಕೀರ್ ಎಂಬ ಪ್ರಾಂತ್ಯವಿದೆ. ಆ ಪ್ರಾಂತ್ಯದಲ್ಲಿ ದಿಜ್ಲೆ ಎಂಬ ತಾಲ್ಲೂಕು. ಆ ತಾಲ್ಲೂಕಿನಲ್ಲಿ ಕೆಲೆಕ್ಚಿ ಎಂಬ ಹಳ್ಳಿ. ಜನ ಕುರ್ದರು.

ಸರ್ಕಾರದ ಪಟ್ಟಿಯಲ್ಲಿ ಇಂಥ ಹಳ್ಳಿಗೆ ಸಿಗುವುದು ಒಂದೇ ಸಾಲು. ಹಳ್ಳಿಯ ಹೆಸರು, ತಾಲ್ಲೂಕಿನ ಹೆಸರು, ಜನಸಂಖ್ಯೆ. ಮುಗಿಯಿತು. ಕುರ್ದರ ಸಾವಿರಾರು ಹಳ್ಳಿಗಳನ್ನು ಜಗತ್ತು ಹೀಗೆ ಒಂದೊಂದು ಸಾಲಿನಲ್ಲಿ ಓದಿ ಪುಟ ತಿರುಗಿಸುತ್ತದೆ.

ಗೆಳೆಯರೇ, ನಾನು ಪಿಯುಸಿ ಮುಗಿಸಿ ಅಚ್ಚಿನ ಮಷೀನಿನ ಮುಂದೆ ನಿಂತವನು. ವಿದ್ವಾಂಸನಲ್ಲ. ಆದರೆ ಮದುವೆ ಕಾಗದ, ಸಹಕಾರ ಸಂಘದ ಸದಸ್ಯರ ಪಟ್ಟಿ, ಶಾಲೆಯ ಹಾಜರಿ ಪುಸ್ತಕ ಅಂತ ಸಾವಿರಾರು ಹೆಸರುಗಳ ಕರಡು ತಿದ್ದಿದ್ದೇನೆ. ಪಟ್ಟಿ ಎಂಬುದು ಏನನ್ನು ಬಚ್ಚಿಡಬಲ್ಲದು ಎಂದು ನಮ್ಮ ಕಸುಬಿನವರಿಗೆ ಗೊತ್ತು. ಕಾಲಂ ಇದ್ದರೆ ತಾನೇ ತುಂಬುವುದು? ಕಾಲಂ ಹಾಕದಿದ್ದರೆ ಆ ವಿಷಯವೇ ಲೋಕದಲ್ಲಿ ಇಲ್ಲ ಅಂದ ಹಾಗೆ. ಆದ್ದರಿಂದ ಕುರ್ದಿ ಹಳ್ಳಿಯ ಆ ಒಂದು ಸಾಲನ್ನು ಪದಪದವಾಗಿ ಬಿಡಿಸಿ ನೋಡೋಣ. ಹಳ್ಳಿ ಅಂದರೆ ಏನಾಯಿತು? ಹೆಸರು ಅಂದರೆ ಯಾರದು? ಜನಸಂಖ್ಯೆ ಅಂದರೆ ಎಂಥ ಲೆಕ್ಕ?

ಮೊದಲು ಕುರ್ದರು ಯಾರು ಅನ್ನುವುದನ್ನು ಹೇಳಿಬಿಡುತ್ತೇನೆ. ಟರ್ಕಿ, ಇರಾನ್, ಇರಾಕ್, ಸಿರಿಯಾ ಈ ನಾಲ್ಕು ದೇಶಗಳ ಗಡಿ ಕೂಡುವ ಬೆಟ್ಟಸೀಮೆಯ ಜನ. ಅಂದಾಜು 3ರಿಂದ 4 ಕೋಟಿ ಇದ್ದಾರೆ. ಸ್ವಂತ ದೇಶವಿಲ್ಲ. ಅವರ ನುಡಿ ಕುರ್ದಿ. ಅದು ಪಾರ್ಸಿಯ ಬಳಗಕ್ಕೆ ಸೇರಿದ್ದು. ಟರ್ಕಿಯವರ ತುರ್ಕಿ ನುಡಿಗೂ ಅದಕ್ಕೂ ರಕ್ತಸಂಬಂಧವಿಲ್ಲ. ಟರ್ಕಿಯ ಕುರ್ದರಲ್ಲಿ ಹೆಚ್ಚಿನವರು ಆಡುವುದು ಕುರ್ಮಾಂಜಿ ಎಂಬ ಬಗೆ. ಹಳ್ಳಿಗೆ ಅವರು ಗುಂಡ್ ಅನ್ನುತ್ತಾರೆ. ಹೆಸರಿಗೆ ನಾವ್. ನಾಲಿಗೆಗೂ ನುಡಿಗೂ ಒಂದೇ ಪದ: ಜಿಮಾನ್.

ಹಳ್ಳಿ: ಸುಟ್ಟದ್ದು ಯಾರು?

1984ರ ಆಗಸ್ಟ್‌ನಲ್ಲಿ ಪಿಕೆಕೆ ಎಂಬ ಕುರ್ದಿ ಸಂಘಟನೆ ಟರ್ಕಿ ಸರ್ಕಾರದ ವಿರುದ್ಧ ಬಂದೂಕು ಎತ್ತಿತು. ಮರುವರ್ಷವೇ ಸರ್ಕಾರ ಹಳ್ಳಿಗಾವಲು ಪಡೆ ಎಂಬ ಏರ್ಪಾಡು ಮಾಡಿತು. ಹಳ್ಳಿಯ ಗಂಡಸರಿಗೆ ಬಂದೂಕು ಮತ್ತು ಸಂಬಳ ಕೊಟ್ಟು ಅವರದೇ ಜನರ ಮೇಲೆ ಕಾವಲಿಗೆ ನಿಲ್ಲಿಸುವುದು. ಒಪ್ಪಿಕೊಂಡರೆ ಪಿಕೆಕೆಯವರು ಬಂದು ಹೊಡೆಯುತ್ತಾರೆ. ಒಲ್ಲೆ ಅಂದರೆ ಸರ್ಕಾರದವರು ಬಂದು ಊರು ಬಿಡಿಸುತ್ತಾರೆ. ರೈತ ಯಾವ ಕಡೆ ತಿರುಗಿದರೂ ಎದುರಿಗೆ ಬಂದೂಕಿನ ನಳಿಗೆ.

ಕೆಲೆಕ್ಚಿಯಲ್ಲಿ ಆದದ್ದು ನೋಡಿ. 1992ರ ಜುಲೈ 1ರಂದು ಹತ್ತಿರದ ಬೊಗಾಜ್‌ಕೊಯ್ ಎಂಬಲ್ಲಿನ ಪೊಲೀಸ್ ಠಾಣೆಯ ಮೇಲೆ ಪಿಕೆಕೆ ದಾಳಿ ಮಾಡಿತು. ಒಬ್ಬ ಪೇದೆ ಸತ್ತ, ಹಲವರಿಗೆ ಗಾಯವಾಯಿತು. ಪಡೆಗಳು ಕೆಲೆಕ್ಚಿಗೆ ನುಗ್ಗಿ ಶೋಧ ನಡೆಸಿದವು. ಅದೇ ತಿಂಗಳು 17ರಂದು ಪಿಕೆಕೆಯವರೇ ಕೆಲೆಕ್ಚಿಯ ಮೇಲೆ ಬಿದ್ದರು; ಊರಿನ ಮೂವರು ಸತ್ತರು. ಆಮೇಲೆ ನವೆಂಬರ್ 10ರಂದು ಸರ್ಕಾರಿ ಪಡೆಗಳು ಬಂದವು. ಮನೆಗಳಿಗೆ ಬೆಂಕಿ ಬಿತ್ತು. ಊರು ಖಾಲಿಯಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಉಳಿದದ್ದೂ ಸುಟ್ಟುಹೋಯಿತು.

ಸುಟ್ಟದ್ದು ನಾವಲ್ಲ, ಪಿಕೆಕೆಯವರು ಅಂದಿತು ಸರ್ಕಾರ. ಆದರೆ ಕೆಲೆಕ್ಚಿಯ ಕೆಲವು ರೈತರಿಗೆ ಕೆಚ್ಚಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲು ತಟ್ಟಿದರು. ನಮ್ಮ ದೇಶದ ಕೋರ್ಟಿಗೆ ಯಾಕೆ ಬರಲಿಲ್ಲ ಎಂದು ಸರ್ಕಾರ ತಕರಾರು ತೆಗೆಯಿತು. ಊರು ಸುಟ್ಟವರ ಮೇಲೆ ಊರು ಸುಟ್ಟವರ ಬಳಿಯೇ ದೂರು ಕೊಡಬೇಕಂತೆ! 1996ರ ಸೆಪ್ಟೆಂಬರ್ 16ರಂದು ತೀರ್ಪು ಬಂತು. ಅಂಥ ಸ್ಥಿತಿಯಲ್ಲಿ ರೈತರು ಮೊದಲು ದೇಶದ ಕೋರ್ಟಿಗೆ ಹೋಗಲೇಬೇಕಿತ್ತು ಎನ್ನಲಾಗದು ಎಂದಿತು ನ್ಯಾಯಾಲಯ. 1992ರ ನವೆಂಬರ್‌ನಲ್ಲಿ ಅವರ ಮನೆ ಸುಟ್ಟದ್ದು ಸರ್ಕಾರಿ ಪಡೆಗಳೇ ಎಂದು ಒಪ್ಪಿಕೊಂಡಿತು. ಮನೆ ಮತ್ತು ಆಸ್ತಿಯ ಹಕ್ಕು ಮುರಿದಿದೆ ಎಂದಿತು. ದೂರು ಕೊಟ್ಟವರನ್ನು ಅಧಿಕಾರಿಗಳು ಕರೆಸಿ ಅದರ ಬಗ್ಗೆ ವಿಚಾರಿಸಿದ್ದೂ ತಪ್ಪು ಎಂದಿತು. ಕುರ್ದಿ ಸೀಮೆಯಲ್ಲಿ ಹಳ್ಳಿ ಸುಟ್ಟ ಬಗ್ಗೆ ಟರ್ಕಿಯ ವಿರುದ್ಧ ಬಂದ ಮೊದಲ ತೀರ್ಪು ಅದು. ಹೆಸರು ಕೇಳರಿಯದ ಒಂದು ಹಳ್ಳಿ ಇಡೀ ಸರ್ಕಾರವನ್ನು ಕಟಕಟೆಗೆ ಎಳೆದು ತಂದಿತ್ತು.

ಕೆಲೆಕ್ಚಿ ಒಂದೇ ಅಲ್ಲ. ಆ ಸೀಮೆಯಲ್ಲಿ 1987ರಿಂದ 2002ರವರೆಗೆ ತುರ್ತುಸ್ಥಿತಿ ಇತ್ತು. ಟರ್ಕಿಯ ಸಂಸತ್ತಿನದೇ ಒಂದು ಸಮಿತಿ 1998ರಲ್ಲಿ ಲೆಕ್ಕ ಕೊಟ್ಟಿತು: ಖಾಲಿಯಾದ ಹಳ್ಳಿಗಳು 905, ಮಜರೆ ಹಟ್ಟಿಗಳು 2,523, ನೆಲೆ ತಪ್ಪಿದ ಜನ 3,78,335. ಆಮೇಲೆ ಅಂಕಾರದ ಹಾಜೆತ್ತೆಪೆ ವಿಶ್ವವಿದ್ಯಾಲಯ 2006ರಲ್ಲಿ ಮಾಡಿದ ಸಮೀಕ್ಷೆ ಅದನ್ನು ಸುಮಾರು ಒಂಬತ್ತೂವರೆ ಲಕ್ಷದಿಂದ ಹನ್ನೆರಡು ಲಕ್ಷದವರೆಗೆ ಏರಿಸಿತು. ಎರಡು ಲೆಕ್ಕಗಳ ನಡುವೆ ಏನಿಲ್ಲವೆಂದರೂ ಐದೂವರೆ ಲಕ್ಷ ಜನ ಕಾಣೆ! ಸರ್ಕಾರದ ಲೆಕ್ಕ ಅಂದರೆ ಹೀಗೆ ಸ್ವಾಮಿ.

ಇನ್ನೊಂದು ಮಾತು. 2012ರಲ್ಲಿ ಟರ್ಕಿ ಒಂದು ಕಾಯ್ದೆ ಮಾಡಿತು. 2014ರ ಸ್ಥಳೀಯ ಚುನಾವಣೆಯಿಂದ ಅದು ಜಾರಿಗೆ ಬಂತು. ಮಹಾನಗರ ಪಾಲಿಕೆ ಇರುವ 30 ಪ್ರಾಂತ್ಯಗಳಲ್ಲಿ ಪಾಲಿಕೆಯ ಗಡಿಯನ್ನು ಪ್ರಾಂತ್ಯದ ಗಡಿಯವರೆಗೆ ಹಿಗ್ಗಿಸಿ, ಹಳ್ಳಿಗಳನ್ನೆಲ್ಲ ಕಾನೂನಿನಲ್ಲಿ ಮಹಲ್ಲೆ ಎಂದು ಮಾಡಿದರು. ಮೈಸೂರಿನವರು ಮೊಹಲ್ಲಾ ಅನ್ನುತ್ತಾರಲ್ಲ, ಅದೇ ಪದ. ಇದು ಕುರ್ದರಿಗಾಗಿಯೇ ಮಾಡಿದ ಕಾಯ್ದೆಯಲ್ಲ. ದೇಶದ ಉದ್ದಗಲಕ್ಕೂ ಆಯಿತು. ಆದರೆ ದಿಯಾರ್‌ಬಕೀರ್ ಪ್ರಾಂತ್ಯದ ಕುರ್ದಿ ಹಳ್ಳಿಯ ಮಟ್ಟಿಗೆ ನೋಡಿ: ಮೊದಲು ಬೆಂಕಿ ಬಿತ್ತು, ಆಮೇಲೆ ಜನ ಹೋದರು, ಕೊನೆಗೆ ಕಡತದಲ್ಲಿ 'ಹಳ್ಳಿ' ಎಂಬ ಪದವೂ ಹೋಯಿತು.

ಹೆಸರು: ಬಾಯಲ್ಲಿ ಒಂದು, ಬೋರ್ಡಿನಲ್ಲಿ ಒಂದು

ಕೆಲೆಕ್ ಅಂದರೆ ಗಾಳಿ ತುಂಬಿದ ಚರ್ಮದ ಚೀಲಗಳ ಮೇಲೆ ಮರ ಕಟ್ಟಿ ಟೈಗ್ರಿಸ್ ನದಿಯಲ್ಲಿ ತೇಲಿಬಿಡುತ್ತಿದ್ದ ತೆಪ್ಪ. ಕೆಲೆಕ್ಚಿ ಅಂದರೆ ತುರ್ಕಿಯಲ್ಲಿ ತೆಪ್ಪ ನಡೆಸುವವನು. ದಿಜ್ಲೆ ಅಂದರೆ ಟೈಗ್ರಿಸ್ ನದಿಗೆ ಅಲ್ಲಿಯ ಹೆಸರು. ಊರಿನ ಹೆಸರು ಅಂದರೆ ಹೀಗೆ. ಹೊಳೆ, ಕಸುಬು, ಮರ, ಬಂಡೆ, ದೇವರು ಎಲ್ಲವೂ ಅದರೊಳಗೆ ಕೂತಿರುತ್ತವೆ. ಹೆಸರು ಕಿತ್ತರೆ ನೆನಪಿನ ಬೇರು ಕಿತ್ತ ಹಾಗೆ.

ಟರ್ಕಿ ಸರ್ಕಾರ ಈ ಕಿತ್ತು ಹಾಕುವ ಕೆಲಸಕ್ಕೆ ಒಂದು ಸಮಿತಿಯನ್ನೇ ಮಾಡಿತು. 1956ರಲ್ಲಿ. ಹೆಸರು ಬದಲಾವಣೆ ತಜ್ಞ ಮಂಡಳಿ! ನಕ್ಷೆ ಹರವಿಕೊಂಡು ಕೂತು, ತುರ್ಕಿಯಂತೆ ಕೇಳಿಸದ ಹೆಸರುಗಳನ್ನೆಲ್ಲ ಹುಡುಕಿ ಹುಡುಕಿ ಹೊಡೆದುಹಾಕುವುದು ಈ ತಜ್ಞರ ಕೆಲಸ. ಇಪ್ಪತ್ತನೆಯ ಶತಮಾನದಲ್ಲಿ ಆ ದೇಶದಲ್ಲಿ ಹೆಸರು ಬದಲಾದ ಹಳ್ಳಿಗಳು 12 ಸಾವಿರಕ್ಕೂ ಹೆಚ್ಚು. ಅಂದರೆ ಸುಮಾರು ಮೂರು ಹಳ್ಳಿಗೆ ಒಂದು. ಕುರ್ದಿ ಹೆಸರು ಮಾತ್ರವಲ್ಲ; ಅರ್ಮೇನಿಯನ್, ಗ್ರೀಕ್, ಅರಬ್ಬಿ, ಲಾಜ್ ಹೆಸರುಗಳೂ ಹೋದವು. ಅದಕ್ಕೂ ಮೊದಲೇ, 1935ರಲ್ಲಿ, ದೆರ್ಸಿಮ್ ಎಂಬ ಇಡೀ ಸೀಮೆಗೆ ತುಂಜೆಲಿ ಎಂದು ನಾಮಕರಣ ಮಾಡಿದ್ದರು.

ಜನ ಬಿಟ್ಟರೇ? ಬೋರ್ಡಿನಲ್ಲಿ ಒಂದು ಹೆಸರು, ಬಾಯಲ್ಲಿ ಒಂದು ಹೆಸರು ಇಟ್ಟುಕೊಂಡು ಬದುಕಿದರು. ಬಿತ್ಲಿಸ್ ಪ್ರಾಂತ್ಯದಲ್ಲಿ ನೊರ್ಶಿನ್ ಎಂಬ ಊರಿದೆ. ಸರ್ಕಾರಿ ಹೆಸರು ಗುರೊಯ್‌ಮಾಕ್. 2009ರಲ್ಲಿ ಆಗಿನ ರಾಷ್ಟ್ರಪತಿ ಅಬ್ದುಲ್ಲಾ ಗುಲ್ ಅಲ್ಲಿಗೆ ಹೋದಾಗ ಊರನ್ನು ನೊರ್ಶಿನ್ ಎಂದು ಕರೆದರು. ದೇಶದಲ್ಲಿ ಗದ್ದಲವೋ ಗದ್ದಲ. ಊರನ್ನು ಊರಿನ ಹೆಸರಿನಿಂದ ಕರೆದದ್ದೇ ಸುದ್ದಿಯಾಯಿತು! ಹಳೆಯ ಹೆಸರು ವಾಪಸ್ ಪಡೆಯಲು ಹಳ್ಳಿಗಳಿಗೆ ದಾರಿ ಮಾಡಿಕೊಡುತ್ತೇವೆ ಎಂದು ಸರ್ಕಾರ ಸಾರಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಎರಡು ಮೂರು ತಲೆಮಾರು ಹೊಸ ಹೆಸರಿನ ಬೋರ್ಡಿನ ಕೆಳಗೆ ಬಸ್ಸು ಕಾದು ಮುದುಕರಾಗಿದ್ದರು.

ಮೂರು ಮೊಳೆಗಳ ಕತೆ

ಇಲ್ಲಿ ನನ್ನ ಕಸುಬಿನ ಮಾತು ಬರುತ್ತದೆ. ಅಚ್ಚಿನ ಮೊಳೆ ಜೋಡಿಸುವ ಕಾಲ ಹೋಗಿ ಕಂಪ್ಯೂಟರ್ ಬಂದಿದೆ. ಆದರೆ ಮೊಳೆಯ ಪೆಟ್ಟಿಗೆಯಲ್ಲಿ ಒಂದು ಅಕ್ಷರದ ಮನೆ ಖಾಲಿಯಿದ್ದರೆ ಏನಾಗುತ್ತದೆ ಎಂದು ಹಳೆಯ ಕಂಪೋಸಿಟರನ್ನು ಕೇಳಿ. ಕೆಲಸ ನಿಂತುಬಿಡುತ್ತದೆ. ನಮ್ಮ ಕನ್ನಡದಿಂದ ಳ ತೆಗೆದುಬಿಡಿ ನೋಡೋಣ. ಮಳೆಯಿಲ್ಲ, ಬೆಳೆಯಿಲ್ಲ, ಹೊಳೆಯಿಲ್ಲ, ಹಳ್ಳಿಯೂ ಇಲ್ಲ.

ಟರ್ಕಿ ಸಂಸತ್ತು ಅರಬ್ಬಿ ಲಿಪಿ ಬಿಟ್ಟು ರೋಮನ್ ಲಿಪಿ ಹಿಡಿಯುವ ಕಾಯ್ದೆ ಮಾಡಿದ್ದು 1928ರ ನವೆಂಬರ್ 1ರಂದು. ನಮಗೆ ನುಡಿಹಬ್ಬದ ತಾರೀಖು. ಕುರ್ದರಿಗೆ ಅದೇ ತಾರೀಖು ಬೇಡಿಯಾಯಿತು. ತುರ್ಕಿ ನುಡಿಗೆ ಬೇಕಾದ 29 ಅಕ್ಷರಗಳನ್ನು ಇಟ್ಟುಕೊಂಡರು. ಕ್ಯೂ, ಡಬ್ಲ್ಯು, ಎಕ್ಸ್ ಮೂರನ್ನು ಬಿಟ್ಟರು. ತುರ್ಕಿಗೆ ಅವು ಬೇಡ, ಸರಿ. ಆದರೆ ಕುರ್ದಿಗೆ ಆ ಮೂರೂ ಬೇಕು. ಓದುವುದಕ್ಕೆ ಕುರ್ದಿಯಲ್ಲಿ ಖ್ವೆಂದಿನ್ ಅನ್ನುತ್ತಾರೆ, ಅದಕ್ಕೆ ಎಕ್ಸ್ ಬೇಕು, ಡಬ್ಲ್ಯುವೂ ಬೇಕು. ನಾಡಿಗೆ ವೆಲಾತ್, ಅದಕ್ಕೆ ಡಬ್ಲ್ಯು. ಲೇಖನಿಗೆ ಕೆಲೆಮ್, ಅದಕ್ಕೆ ಕ್ಯೂ. ನಾವು ಕಾಯ್ದೆಯ ಕಲಮು ಅನ್ನುತ್ತೇವಲ್ಲ, ಅದೇ ಅರಬ್ಬಿ ಮೂಲದ ಪದ. ಓದು, ನಾಡು, ಲೇಖನಿ ಮೂರನ್ನೂ ಕಾಯ್ದೆಯ ಹೊರಗೆ ನಿಲ್ಲಿಸಿದರು ನೋಡಿ!

ಆಮೇಲೆ ಇದು ತಮಾಷೆಯ ಮಟ್ಟಕ್ಕೆ ಹೋಯಿತು. ಕುರ್ದರ ಹೊಸವರ್ಷ ನೆವ್‌ರೋಜ್. ಶುಭಾಶಯ ಪತ್ರದಲ್ಲಿ ಅದನ್ನು ಡಬ್ಲ್ಯು ಹಾಕಿ ಅಚ್ಚು ಮಾಡಿಸಿದವರ ಮೇಲೆ ಮೊಕದ್ದಮೆ ಬಿತ್ತು. ಅದೇ ದೇಶದಲ್ಲಿ 1990ರ ದಶಕದಿಂದ ಶೋ ಟಿವಿ ಎಂಬ ಚಾನೆಲ್ ಡಬ್ಲ್ಯು ಹಾಕಿಕೊಂಡೇ ಮೆರೆಯುತ್ತಿತ್ತು. ಅದರ ಮೇಲೆ ಯಾವ ಪೊಲೀಸೂ ಹೋಗಲಿಲ್ಲ. ಇಂಗ್ಲಿಷಿನ ಡಬ್ಲ್ಯು ನೆಂಟ, ಕುರ್ದಿಯ ಡಬ್ಲ್ಯು ದೇಶದ್ರೋಹಿ! 2003ರಲ್ಲಿ ಮಕ್ಕಳಿಗೆ ಕುರ್ದಿ ಹೆಸರಿಡಬಹುದು ಅಂದರು, ಆದರೆ ಆ ಮೂರು ಅಕ್ಷರ ಮಾತ್ರ ಕೂಡದು ಅಂದರು. ಹೆಸರಿನಲ್ಲಿ ಆ ಅಕ್ಷರ ಬೇಕೆಂದು ಹೋದವರ ಪರ ಯುರೋಪಿನ ನ್ಯಾಯಾಲಯವೂ ನಿಲ್ಲಲಿಲ್ಲ. 2010ರ ತೀರ್ಪಿನಲ್ಲಿ ಹಕ್ಕಿಗೆ ಭಂಗವಾಗಿಲ್ಲ ಎಂದುಬಿಟ್ಟಿತು. ಮೂರು ಅಕ್ಷರಗಳ ಮೇಲಿನ ದಂಡನೆ ಹೋದದ್ದು 2014ರಲ್ಲಿ. 1928ರಿಂದ 2014 ಅಂದರೆ 86 ವರ್ಷ.

ಅಚ್ಚುಕೂಟವನ್ನು ದೇಶದೊಳಗೆ ಮುಚ್ಚಿದರೆ ಹೊರಗೆ ತೆರೆಯುತ್ತದೆ. ಇದು ಅಚ್ಚಿನವರ ಹಟ. ಮೊದಲ ಕುರ್ದಿ ಪತ್ರಿಕೆ ಕುರ್ದಿಸ್ತಾನ್ ಹುಟ್ಟಿದ್ದು 1898ರ ಏಪ್ರಿಲ್ 22ರಂದು, ಈಜಿಪ್ಟಿನ ಕೈರೋದಲ್ಲಿ. ಅಲ್ಲಿಂದ ಜಿನೀವಾಕ್ಕೆ, ಲಂಡನ್ನಿಗೆ ಅಲೆಯುತ್ತ ಅಚ್ಚಾಯಿತು. 1932ರ ಮೇ 15ರಂದು ಜೆಲಾದತ್ ಅಲಿ ಬೆದಿರ್‌ಖಾನ್ ಎಂಬುವರು ಸಿರಿಯಾದ ಡಮಾಸ್ಕಸ್‌ನಿಂದ ಹಾವಾರ್ ಎಂಬ ಪತ್ರಿಕೆ ತೆಗೆದರು. ಹಾವಾರ್ ಅಂದರೆ ಕಷ್ಟದಲ್ಲಿದ್ದವರು ಹಾಕುವ ಕೂಗು, ಮೊರೆ. ಮೊದಲ 23 ಸಂಚಿಕೆ ಅರಬ್ಬಿ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಬಂದವು. ಕುರ್ಮಾಂಜಿಯ 31 ಅಕ್ಷರಗಳ ರೋಮನ್ ವರ್ಣಮಾಲೆ ನೆಲೆಯೂರಿದ್ದು ಈ ಪತ್ರಿಕೆಯ ಪುಟಗಳಲ್ಲಿ. 1943ರವರೆಗೆ ಬಂದದ್ದು ಬರೀ 57 ಸಂಚಿಕೆ. ಆ 57 ಸಂಚಿಕೆಯ ಮೇಲೆ ಒಂದು ನುಡಿಯ ಬರವಣಿಗೆಯೇ ನಿಂತಿದೆ. ಮೇ 15ನ್ನು ಈಗ ಕುರ್ದಿ ನುಡಿಯ ದಿನ ಎಂದು ಆಚರಿಸುತ್ತಾರೆ. ಸಣ್ಣ ಪತ್ರಿಕೆ ಏನು ಮಾಡೀತು ಎಂದು ಮೂಗು ಮುರಿಯುವವರಿಗೆ ಇದನ್ನು ಹೇಳಿ.

ದೇಶದೊಳಗೆ ಬರೆದವರ ಪಾಡು ಬೇರೆ. ಮಾರ್ದಿನ್ ಪ್ರಾಂತ್ಯದ ಹಳ್ಳಿಯಲ್ಲಿ ಹುಟ್ಟಿದ ಲೇಖಕ ಮೂಸಾ ಆಂತೆರ್ 1959ರಲ್ಲಿ ದಿಯಾರ್‌ಬಕೀರಿನ ಒಂದು ಪತ್ರಿಕೆಯಲ್ಲಿ ಕುರ್ದಿಯಲ್ಲಿ ಒಂದು ಪದ್ಯ ಬರೆದರು. ಗೋಧಿಗೆ ಬೀಳುವ ಒಂದು ಹುಳುವಿನ ಹೆಸರೇ ಅದರ ಹೆಸರು. ಅಷ್ಟಕ್ಕೇ ಮೊಕದ್ದಮೆ. ಅದೇ ವರ್ಷದ ಕೊನೆಗೆ ಕುರ್ದಿ ಬುದ್ಧಿಜೀವಿಗಳನ್ನು ಸಾಲಾಗಿ ಹಿಡಿದು ಜೈಲಿಗೆ ಹಾಕಿದರು. ಆಂತೆರ್ ಅವರಲ್ಲಿ ಒಬ್ಬರು. 1992ರ ಸೆಪ್ಟೆಂಬರ್ 20ರಂದು ಅವರನ್ನು ದಿಯಾರ್‌ಬಕೀರಿನಲ್ಲಿ ಗುಂಡಿಟ್ಟು ಕೊಂದರು. ಅವರ ಜೀವ ಕಾಪಾಡಲಿಲ್ಲ ಎಂದು 2006ರಲ್ಲಿ ಯುರೋಪಿನ ನ್ಯಾಯಾಲಯ ಟರ್ಕಿಯನ್ನು ದೂಷಿಸಿತು. ಟರ್ಕಿಯ ಕೋರ್ಟಿನಲ್ಲಿದ್ದ ಕೊಲೆ ಮೊಕದ್ದಮೆ ಮಾತ್ರ 2022ರಲ್ಲಿ ಅವಧಿ ಮೀರಿತು ಎಂದು ಬಿದ್ದುಹೋಯಿತು. ಮೂವತ್ತು ವರ್ಷ ಎಳೆದರೆ ಯಾವ ಕೊಲೆಯೂ ಮಾಫಿ!

ಜನಸಂಖ್ಯೆ: ಎಂಥ ಲೆಕ್ಕ?

ಈಗ ಆ ಸಾಲಿನ ಕೊನೆಯ ಪದಕ್ಕೆ ಬರೋಣ. ಟರ್ಕಿಯ ಜನಗಣತಿಯಲ್ಲಿ 1927ರಿಂದಲೂ ನಿನ್ನ ತಾಯ್ನುಡಿ ಯಾವುದು ಎಂದು ಕೇಳುತ್ತಿದ್ದರು. 1965ರವರೆಗೆ ಉತ್ತರವನ್ನು ಅಚ್ಚು ಹಾಕಿಸಿದರು. ಆ ವರ್ಷ ಕುರ್ದಿ ನನ್ನ ತಾಯ್ನುಡಿ ಎಂದವರು ಸುಮಾರು 22 ಲಕ್ಷ. ಹೇಳಲು ಹೆದರಿದವರ ಲೆಕ್ಕ ಬೇರೆ. ಆಮೇಲೆ 1985ರವರೆಗೂ ಕೇಳಿದರು, ಆದರೆ ಅಚ್ಚು ಹಾಕಿಸಲಿಲ್ಲ. ಕೇಳಿದ್ದು ಯಾಕೆ, ಮುಚ್ಚಿಟ್ಟದ್ದು ಯಾಕೆ? ಅದಾದ ಮೇಲೆ ಕೇಳುವುದನ್ನೂ ನಿಲ್ಲಿಸಿದರು. 2007ರಿಂದ ವಿಳಾಸದ ನೋಂದಣಿಯ ಮೇಲೆ ಪ್ರತಿವರ್ಷ ಲೆಕ್ಕ ಬರುತ್ತದೆ. ಪ್ರಾಂತ್ಯ, ತಾಲ್ಲೂಕು, ಕೊನೆಗೆ ಒಂದೊಂದು ಮಹಲ್ಲೆಯವರೆಗೆ ಒಂದು ತಲೆಯೂ ತಪ್ಪದಂತೆ ಸಂಖ್ಯೆ ಸಿಗುತ್ತದೆ. ಗಂಡಸರೆಷ್ಟು, ಹೆಂಗಸರೆಷ್ಟು, ಎಲ್ಲ ಇದೆ. ಅವರು ಯಾವ ನುಡಿ ಆಡುತ್ತಾರೆ ಅನ್ನುವ ಕಾಲಂ ಇಲ್ಲ.

ಹೇಳಿ, ಇದು ಲೆಕ್ಕವೋ ಕಣ್ಕಟ್ಟೋ? ತಲೆ ಎಣಿಸಿದರು, ನಾಲಿಗೆ ಎಣಿಸಲಿಲ್ಲ. ಸಂಖ್ಯೆ ಇಲ್ಲದಿದ್ದರೆ ಶಾಲೆ ಕೇಳುವುದು ಹೇಗೆ? ಆಸ್ಪತ್ರೆಯಲ್ಲಿ ದುಭಾಷಿ ಬೇಕು ಅನ್ನುವುದು ಹೇಗೆ? ನೀವೆಷ್ಟು ಜನ ಇದ್ದೀರಿ ಎಂದು ಸರ್ಕಾರ ಕೇಳುತ್ತದೆ. ಎಣಿಸಬೇಕಾದವರು ನೀವು ಸ್ವಾಮಿ, ನಾವೆಲ್ಲಿಂದ ತರೋಣ ಅನ್ನಬೇಕು.

1923ರ ಲೊಜಾನ್ ಒಪ್ಪಂದದ 39ನೆಯ ಕಲಮಿನಲ್ಲಿ ಟರ್ಕಿ ಒಂದು ಮಾತು ಕೊಟ್ಟಿತ್ತು. ತನ್ನ ಯಾವ ಪ್ರಜೆಯೂ ವ್ಯಾಪಾರದಲ್ಲಿ, ಧರ್ಮದಲ್ಲಿ, ಪತ್ರಿಕೆಯಲ್ಲಿ, ಸಭೆಯಲ್ಲಿ ಯಾವ ನುಡಿ ಬಳಸಿದರೂ ಅಡ್ಡಿ ಮಾಡುವುದಿಲ್ಲ ಎಂದು. ಆ ಮಾತಿಗೆ ಸಹಿ ಹಾಕಿದ ದೇಶವೇ 1983ರಲ್ಲಿ 2932ನೇ ನಂಬರಿನ ಕಾಯ್ದೆ ತಂದು ಕುರ್ದಿಯಲ್ಲಿ ಪ್ರಕಟಿಸುವುದನ್ನೇ ನಿಷೇಧಿಸಿತು. ಕಾಯ್ದೆಯಲ್ಲಿ ಕುರ್ದಿ ಎಂಬ ಹೆಸರು ಕೂಡ ಬರೆಯಲಿಲ್ಲ. ಬೇರೆ ಬೇರೆ ರಾಷ್ಟ್ರಗಳ ಮೊದಲ ಆಡಳಿತ ನುಡಿಗಳನ್ನು ಬಿಟ್ಟು ಉಳಿದದ್ದು ಕೂಡದು ಎಂದು ಸುತ್ತಿ ಬಳಸಿ ಬರೆದರು. ಬೈಯುವಾಗಲೂ ಹೆಸರು ಹಿಡಿಯದ ಹಗೆ. ಅದು ರದ್ದಾದದ್ದು 1991ರಲ್ಲಿ.

ಪೇಟೆಗೆ ಬಂದ ಮೇಲೆ

ಊರು ಬಿಟ್ಟವರು ಎಲ್ಲಿ ಹೋದರು? ದಿಯಾರ್‌ಬಕೀರ್ ನಗರಕ್ಕೆ, ಅದಾನ, ಮೆರ್ಸಿನ್, ಇಸ್ತಾಂಬುಲ್‌ಗಳಿಗೆ. ದಿಯಾರ್‌ಬಕೀರ್ ನಗರದ ಜನ 1990ರಲ್ಲಿ 4 ಲಕ್ಷಕ್ಕೂ ಕಡಿಮೆ ಇತ್ತು. 2000ದಲ್ಲಿ 5 ಲಕ್ಷ ದಾಟಿತು.

ಹಳ್ಳಿಯಲ್ಲಿ ನುಡಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೊಲ ಉಳುವುದು ಕುರ್ದಿಯಲ್ಲಿ, ಕುರಿ ಕೂಗುವುದು ಕುರ್ದಿಯಲ್ಲಿ, ಜಗಳ ಕುರ್ದಿಯಲ್ಲಿ, ಮದುವೆ ಕುರ್ದಿಯಲ್ಲಿ. ರಾತ್ರಿ ದೆಂಗ್‌ಬೇಜ್ ಎಂಬ ಹಾಡುಕತೆಗಾರರು ಕೂತರೆ ಊರೆಲ್ಲ ಸುತ್ತ ಕೂರುತ್ತಿತ್ತು. ದೆಂಗ್ ಅಂದರೆ ದನಿ. ದನಿಯಲ್ಲಿ ಹೇಳುವವನೇ ದೆಂಗ್‌ಬೇಜ್. 1955ರಿಂದ ಅರ್ಮೇನಿಯಾದ ಯೆರೆವಾನ್ ರೇಡಿಯೋ ಕುರ್ದಿಯಲ್ಲಿ ಪ್ರಸಾರ ಮಾಡುತ್ತಿತ್ತು. ಗಡಿ ದಾಟಿ ಬರುವ ಆ ದನಿಗೆ ಟರ್ಕಿಯ ಹಳ್ಳಿಗರು ಕಿವಿಗೊಟ್ಟು ಕೂರುತ್ತಿದ್ದರು. ಸರ್ಕಾರ ಕಾಗದದ ಮೇಲೆ ಏನೇ ಬರೆಯಲಿ, ಹಳ್ಳಿಯ ಅಂಗಳಕ್ಕೆ ಅದು ಬರುತ್ತಿರಲಿಲ್ಲ. ಹಳ್ಳಿಯೇ ಹೋದ ಮೇಲೆ ಅಂಗಳವೂ ಹೋಯಿತು. ಪೇಟೆಯಲ್ಲಿ ಕೂಲಿ ತುರ್ಕಿಯಲ್ಲಿ, ಅಂಗಡಿ ತುರ್ಕಿಯಲ್ಲಿ, ಟಿವಿ ತುರ್ಕಿಯಲ್ಲಿ. ಅಜ್ಜಿ ಕುರ್ದಿಯಲ್ಲಿ ಕೇಳಿದರೆ ಮೊಮ್ಮಗ ತುರ್ಕಿಯಲ್ಲಿ ಉತ್ತರ ಕೊಡುವ ಮನೆಗಳು ಹುಟ್ಟಿಕೊಂಡವು. ಕಾಯ್ದೆ ಮಾಡಲಾಗದ ಕೆಲಸವನ್ನು ಊರು ಬಿಡಿಸಿದ್ದು ಮಾಡಿತು.

ಶಾಲೆಯ ಕತೆ ಕೇಳಿ. 1933ರಿಂದ 2013ರವರೆಗೆ ಪ್ರಾಥಮಿಕ ಶಾಲೆಯ ಮಕ್ಕಳು ಬೆಳಿಗ್ಗೆ ಸಾಲಾಗಿ ನಿಂತು ನಾನು ತುರ್ಕ ಎಂದು ಪ್ರತಿಜ್ಞೆ ಕೂಗಬೇಕಿತ್ತು. ಕುರ್ದಿ ಮಗುವೂ ಕೂಗಬೇಕು. 2008ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರವಿದೆ. ಹೆಸರಿನ ಅರ್ಥ 'ಎರಡು ನುಡಿ ಒಂದು ಸೂಟ್‌ಕೇಸ್'. ಉರ್ಫಾ ಪ್ರಾಂತ್ಯದ ಕುರ್ದಿ ಹಳ್ಳಿಗೆ ವರ್ಗವಾಗಿ ಬಂದ ತರುಣ ಮೇಷ್ಟ್ರಿಗೆ ಕುರ್ದಿ ಬಾರದು, ಮಕ್ಕಳಿಗೆ ತುರ್ಕಿ ಬಾರದು. ವರ್ಷವಿಡೀ ಮೇಷ್ಟ್ರೂ ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡುತ್ತ ಒದ್ದಾಡುತ್ತಾರೆ. ಮೇಷ್ಟ್ರು ಕೆಟ್ಟವನಲ್ಲ. ಮಕ್ಕಳು ದಡ್ಡರಲ್ಲ. ಕೆಟ್ಟದ್ದು ಏರ್ಪಾಡು.

ಬದಲಾವಣೆ ಆಗಿಲ್ಲ ಎಂದಲ್ಲ. 2009ರ ಜನವರಿ 1ರಂದು ಸರ್ಕಾರವೇ ಕುರ್ದಿ ಟಿವಿ ಚಾನೆಲ್ ಶುರು ಮಾಡಿತು. 2012ರಿಂದ ಐದನೇ ತರಗತಿಯಿಂದ ವಾರಕ್ಕೆ ಎರಡು ಗಂಟೆ ಕುರ್ದಿ ಐಚ್ಛಿಕ ಪಾಠ, ಅದೂ ಹತ್ತು ಮಕ್ಕಳು ಸೇರಿ ಕೇಳಿದರೆ. ಐದನೇ ತರಗತಿ! ಅಷ್ಟರಲ್ಲಿ ಮಗುವಿನ ನಾಲಿಗೆ ತಿರುಗಿ ಆಗಿರುತ್ತದೆ. ಟರ್ಕಿಯ 1982ರ ಸಂವಿಧಾನದ 42ನೆಯ ಕಲಮು ತುರ್ಕಿಯನ್ನು ಬಿಟ್ಟು ಬೇರೆ ಯಾವುದನ್ನೂ ತಾಯ್ನುಡಿಯೆಂದು ಶಾಲೆಯಲ್ಲಿ ಕಲಿಸಕೂಡದು ಅನ್ನುತ್ತದೆ. ದಿಯಾರ್‌ಬಕೀರಿನ ಸುರ್ ಪಾಲಿಕೆಯ ಮೇಯರ್ ಅಬ್ದುಲ್ಲಾ ದೆಮಿರ್‌ಬಾಷ್ ಜನರಿಗೆ ಅವರವರ ನುಡಿಯಲ್ಲಿ ಸೇವೆ ಕೊಡಹೊರಟರು; 2007ರಲ್ಲಿ ಕುರ್ಚಿಯಿಂದ ಇಳಿಸಿದರು. 2016ರಿಂದೀಚೆಗೆ ಜನ ಆರಿಸಿದ ಎಷ್ಟೋ ಕುರ್ದಿ ಮೇಯರ್‌ಗಳನ್ನು ಕಿತ್ತು ಸರ್ಕಾರದ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಹಲವು ಕಡೆ ಎರಡು ನುಡಿಯ ಬೋರ್ಡುಗಳೂ ಇಳಿದವು. ನಲವತ್ತು ಸಾವಿರಕ್ಕೂ ಹೆಚ್ಚು ಜೀವ ತಿಂದ ಸಂಘರ್ಷದ ನಂತರ, 2025ರ ಮೇ 12ರಂದು, ಪಿಕೆಕೆ ತನ್ನನ್ನು ತಾನೇ ವಿಸರ್ಜಿಸುತ್ತೇನೆ ಎಂದು ಸಾರಿತು. ಬಂದೂಕನ್ನು ನೆಪ ಮಾಡಿಕೊಂಡು ನುಡಿಯ ಕತ್ತು ಹಿಸುಕಿದವರಿಗೆ ಇನ್ನು ಆ ನೆಪವೂ ಉಳಿಯುವುದಿಲ್ಲ.

ಆಡಳಿತಕ್ಕೆ ಕುರ್ದಿ ಒಗ್ಗದು ಅನ್ನುವವರು ಪಕ್ಕದ ಇರಾಕಿಗೆ ಹೋಗಿ ನೋಡಲಿ. ಅಲ್ಲಿಯೂ 1988ರಲ್ಲಿ ಸದ್ದಾಂ ಹುಸೇನನ ಸೇನೆ ಕುರ್ದರ ಹಳ್ಳಿಗಳನ್ನು ನೆಲಸಮ ಮಾಡಿತು, ಹಲಬ್ಜಾದ ಮೇಲೆ ವಿಷಾನಿಲ ಸುರಿಯಿತು. ಅದೇ ಇರಾಕಿನ 2005ರ ಸಂವಿಧಾನದಲ್ಲಿ ಅರಬ್ಬಿಯೂ ಕುರ್ದಿಯೂ ಎರಡೂ ಆಡಳಿತ ನುಡಿ. ಗಡಿಯ ಈಚೆ ಅಧಿಕಾರದ ನುಡಿ, ಆಚೆ ಐದನೇ ತರಗತಿಯ ಐಚ್ಛಿಕ.

ನಮಗೆ ಇದರಲ್ಲಿ ಏನಿದೆ?

ಕನ್ನಡದ ಹುಡುಗರೇ, ಹುಡುಗಿಯರೇ, ನಾವು ಮಾತೆತ್ತಿದರೆ ಇಷ್ಟು ಕೋಟಿ ಕನ್ನಡಿಗರು ಅನ್ನುತ್ತೇವೆ. 2011ರ ಜನಗಣತಿಯಲ್ಲಿ ಕನ್ನಡ ನನ್ನ ತಾಯ್ನುಡಿ ಎಂದವರು 4 ಕೋಟಿ 37 ಲಕ್ಷ. ನಮ್ಮ ಗಣತಿಯವರು ಕೇಳುತ್ತಾರೆ, ಅಚ್ಚೂ ಹಾಕಿಸುತ್ತಾರೆ. ಆ ಮಟ್ಟಿಗೆ ನಾವು ಅದೃಷ್ಟವಂತರು. ಆದರೆ ಕೋಟಿಯ ಸಂಖ್ಯೆ ನುಡಿಯನ್ನು ಕಾಯುವುದಿಲ್ಲ. ಕುರ್ದರೂ ಕೋಟಿಗಟ್ಟಲೆ ಇದ್ದಾರೆ. ಕಾಯುವುದು ಶಾಲೆ, ಬೋರ್ಡು, ಅಚ್ಚುಕೂಟ, ಅಂಗಳ. ಅಜ್ಜಿ ಕೇಳಿದ ನುಡಿಯಲ್ಲೇ ಉತ್ತರ ಕೊಡುವ ಮೊಮ್ಮಗ.

ಇನ್ನೊಂದು ಮಾತು ಹೇಳುತ್ತೇನೆ. ನಮ್ಮಲ್ಲಿ ಕೆಲವರಿಗೆ ಇದು ಹಿಡಿಸದೇ ಹೋಗಬಹುದು. 1928ರ ಜನವರಿಯಲ್ಲಿ ಇಸ್ತಾಂಬುಲ್‌ನಲ್ಲಿ 'ನಾಗರಿಕನೇ, ತುರ್ಕಿ ಮಾತಾಡು' ಎಂಬ ಚಳವಳಿ ಶುರುವಾಯಿತು. ಶುರು ಮಾಡಿದವರು ಯಾರು? ಮಂತ್ರಿಗಳಲ್ಲ, ಪೊಲೀಸರಲ್ಲ. ಕಾನೂನು ಓದುವ ಹುಡುಗರು. ನಿಮ್ಮ ವಯಸ್ಸಿನವರು. ಟ್ರಾಮು, ದೋಣಿಗಳಲ್ಲಿ ಪೋಸ್ಟರ್ ಹಚ್ಚಿದರು. ನಗರದ ಯೆಹೂದಿ, ಗ್ರೀಕ್, ಅರ್ಮೇನಿಯನ್ ಜನ ಬೀದಿಯಲ್ಲಿ ತಮ್ಮ ನುಡಿ ಆಡಿದರೆ ಕೆಣಕಿದರು. ಅವರೂ ನುಡಿಪ್ರೇಮಿಗಳೇ! ಆ ಪ್ರೇಮವೇ ಮುಂದೆ ಸರ್ಕಾರದ ಕೈಯಲ್ಲಿ ದೊಣ್ಣೆಯಾಯಿತು. ದೊಣ್ಣೆ ಪೇಟೆಯಿಂದ ಹೊರಟು ಹಳ್ಳಿಯವರೆಗೂ ಹೋಯಿತು.

ಹಾಗಾದರೆ ಅವರಿಗೂ ನಮಗೂ ವ್ಯತ್ಯಾಸವೇನು? ವ್ಯತ್ಯಾಸ ಇದೆ, ಇರಲೇಬೇಕು. ನಮ್ಮ ನೆಲದ ಆಡಳಿತದಲ್ಲಿ, ಬ್ಯಾಂಕಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ನಮ್ಮ ನುಡಿಗೆ ಜಾಗ ಕೇಳುವುದು ಹಕ್ಕು. ಇನ್ನೊಬ್ಬನ ಮನೆಯೊಳಗೆ, ಇನ್ನೊಬ್ಬಳ ಲಾಲಿಯೊಳಗೆ ಕೈ ಹಾಕುವುದು ದಬ್ಬಾಳಿಕೆ. ತುಳು, ಕೊಡವ, ಬ್ಯಾರಿ, ಲಂಬಾಣಿ ಆಡುವ ನಮ್ಮವರ ಮುಂದೆ ನಾವು ಅಂಕಾರದ ಬಾಬುಗಳ ಹಾಗೆ ನಿಲ್ಲಬಾರದು. ನಮ್ಮ ದೇಶದ ಗಣತಿಯಲ್ಲೂ 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳ ಹೆಸರು ಬಿಡಿಯಾಗಿ ಅಚ್ಚಾಗುವುದಿಲ್ಲ. ಅವೆಲ್ಲ 'ಇತರೆ' ಎಂಬ ಗೋಣಿಚೀಲಕ್ಕೆ. ಇತರೆ ಅಂದರೆ ಯಾರದೋ ತಾಯಿಯ ಮಾತು. ಇದನ್ನು ಎತ್ತಿ ಆಡಬೇಕಾದವರು ಕನ್ನಡದ ಹೋರಾಟಗಾರರೇ. ಕುರ್ದಿಯ ಮೂರು ಅಕ್ಷರಕ್ಕೆ ಮರುಗುವವನು ಪಕ್ಕದ ಹಾಡಿಯ ನುಡಿಗೆ ಕುರುಡಾದರೆ ಆ ಮರುಕಕ್ಕೆ ಬೆಲೆಯಿಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಗಣತಿಯವರು ಮನೆಗೆ ಬಂದಾಗ ತಾಯ್ನುಡಿಯ ಕಾಲಂ ತುಂಬಿದರೋ ಇಲ್ಲವೋ ನಿಂತು ನೋಡಿ. ಪಕ್ಕದ ಮನೆಯವರದ್ದು ಅವರು ಹೇಳಿದಂತೆಯೇ ಬರೆದರೋ ನೋಡಿ. ನಿಮ್ಮ ಅಜ್ಜನ ಊರಿನ ಕೆರೆ, ಗುಡ್ಡ, ಓಣಿಗಳ ಹೆಸರು ಕೇಳಿ ಬರೆದಿಡಿ. ಅಚ್ಚು ಹಾಕಿಸಿ, ನಾಲ್ಕೇ ಪುಟವಾದರೂ ಸರಿ. ಹಾವಾರ್ ಪತ್ರಿಕೆಯವರ ಬಳಿ ದೇಶವಿರಲಿಲ್ಲ, ಸರ್ಕಾರವಿರಲಿಲ್ಲ; ಒಂದು ಅಚ್ಚುಕೂಟ ಇತ್ತು, ಅಷ್ಟೇ.

ಇನ್ನು ಮುಂದೆ ಎಲ್ಲಾದರೂ ಒಂದು ಕುರ್ದಿ ಹಳ್ಳಿಯ ಹೆಸರು, ಮುಂದೆ ಒಂದು ಜನಸಂಖ್ಯೆ ಕಂಡರೆ ಪುಟ ತಿರುಗಿಸಬೇಡಿ. ಆ ಗುಂಡ್‌ಗೆ ಜನ ಬಾಯಲ್ಲಿ ಏನೆನ್ನುತ್ತಾರೆ, ಅವರ ಜಿಮಾನ್ ಯಾವುದು ಎಂದು ಕೇಳಿ. ಆ ಪ್ರಶ್ನೆ ಕೇಳಿದ್ದಕ್ಕೇ ಅಲ್ಲಿ ಜನ ಜೈಲಿಗೆ ಹೋಗಿದ್ದಾರೆ. ನಮಗೆ ಕೇಳಲು ಖರ್ಚೇನೂ ಇಲ್ಲ.